ಮೀಟಿಂಗ್ ನೋಟ್ಸ್ ಮತ್ತು ನನ್ನ ಬಡ್ತಿ

ಮೀಟಿಂಗ್ ಶುರುವಾದ ಕೂಡಲೇ ಎಲ್ಲರ ಕಣ್ಣು ನನ್ನ ಕಡೆ ತಿರುಗುತ್ತಿತ್ತು. 'ನೋಟ್ಸ್ ನೀವೇ ಬರ್ಕೊಳ್ತೀರಲ್ವಾ? ನಿಮ್ಮದು ನೀಟಾಗಿರುತ್ತೆ.' ಹೊಗಳಿಕೆ ಅಂದುಕೊಂಡು ನಾಲ್ಕು ವರ್ಷ ಬರೆದೆ. ಬರೆಯುತ್ತಾ ಕೂತವಳಿಗೆ ಮಾತಾಡಲು ಪುರುಸೊತ್ತೆಲ್ಲಿ?

ಮ್ಯಾನೇಜರ್ ಹುದ್ದೆ ಎರಡನೇ ಸಲ ಕೈತಪ್ಪಿದಾಗ ಕಾರಣ ಕೇಳಿದೆ. 'ಟೀಮಿಗೆ ನೀವು ಬೇಕೇ ಬೇಕು. ಆದ್ರೆ ಬಿಸಿನೆಸ್ ನಡೆಸಿದ ಅನುಭವ ಇಲ್ಲ' ಅಂದರು. ಸಿಟ್ಟು ಬಂತು. ಯೋಚಿಸಿದರೆ ಮಾತು ನಿಜ. ಅಂಥ ಕೆಲಸ ಯಾರೂ ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹೆಂಗಸರು ತುದಿಗೆ ಏರದಂತೆ ತಡೆಯುವ ಕಣ್ಣಿಗೆ ಕಾಣದ ಅಡ್ಡಿಗೆ ಎಲ್ಲರೂ ಗಾಜಿನ ಚಾವಣಿ ಅಂತಾರೆ, ನಾನು ಎಡವಿದ್ದು ಮೊದಲ ಮೆಟ್ಟಿಲಲ್ಲೇ. ಅಮೆರಿಕದ ಕಂಪನಿಗಳ ಬಗ್ಗೆ ಸಲಹಾ ಕಂಪನಿ ಮೆಕಿನ್ಸಿ ಮತ್ತು ಮಹಿಳಾ ಸಂಸ್ಥೆ ಲೀನ್‌ಇನ್ 2024ರಲ್ಲಿ ತಂದ ವರದಿಯಲ್ಲೂ ಇದೇ ಕಥೆ: ಮ್ಯಾನೇಜರ್ ಹುದ್ದೆಗೆ 100 ಗಂಡಸರು ಏರಿದರೆ, ಹೆಂಗಸರು 81.

ಒಂದು ಪುಟ್ಟ ಪುಸ್ತಕ ಇಟ್ಟೆ. ಮೂರು ತಿಂಗಳು ದಿನಾ ಸಂಜೆ ಎರಡು ಕಾಲಂ ತುಂಬಿದೆ. ಒಂದು, ದುಡ್ಡು ತರುವ ಕೆಲಸ. ಇನ್ನೊಂದು, ಉಳಿದದ್ದು. ಹೊಸಬರಿಗೆ ಕಲಿಸುವುದು, ಬೀಳ್ಕೊಡುಗೆಗೆ ಚಂದಾ ಎತ್ತುವುದು, ಇಬ್ಬರ ಜಗಳ ಬಿಡಿಸುವುದು. ಎಷ್ಟೋ ದಿನ ಮೊದಲ ಕಾಲಂ ಖಾಲಿ! ಆ ಪುಸ್ತಕವನ್ನೇ ಬಾಸ್ ಮುಂದಿಟ್ಟೆ. 'ನೋಟ್ಸ್ ಸರದಿ ಪ್ರಕಾರ ಎಲ್ಲರೂ ಬರೆಯಲಿ. ನನಗೆ ಲಾಭ-ನಷ್ಟದ ಹೊಣೆ ಇರುವ ಕೆಲಸ ಕೊಡಿ, ಚಿಕ್ಕದಾದರೂ ಸರಿ' ಅಂದೆ.

ಸಿಕ್ಕಿದ್ದು ಯಾರಿಗೂ ಬೇಡವಾಗಿ ನಷ್ಟದಲ್ಲಿದ್ದ ಪ್ರಾಡಕ್ಟ್. ಮುಳುಗುವ ದೋಣಿಯನ್ನೇ ಹೆಂಗಸರ ಕೈಗೆ ಕೊಡುವ ಈ ಚಾಳಿಗೆ ಸಂಶೋಧಕರಾದ ಮಿಶೆಲ್ ರಯಾನ್ ಮತ್ತು ಅಲೆಕ್ಸ್ ಹ್ಯಾಸ್ಲಮ್ 2005ರಲ್ಲೇ 'ಗ್ಲಾಸ್ ಕ್ಲಿಫ್' (ಗಾಜಿನ ಪ್ರಪಾತ) ಅಂತ ಹೆಸರಿಟ್ಟಿದ್ದರು. ಆಗ ನನಗದು ಗೊತ್ತಿರಲಿಲ್ಲ. ಆದ್ರೂ ಒಂದು ಬುದ್ಧಿವಂತಿಕೆ ಮಾಡಿದೆ. ಹಳೇ ನಷ್ಟ ಎಷ್ಟು, ನನಗೆ ಎಷ್ಟು ಜನ, ಎಷ್ಟು ತಿಂಗಳು ಅನ್ನುವುದನ್ನು ಒಪ್ಪುವ ಮೊದಲೇ ಇಮೇಲ್‌ನಲ್ಲಿ ಬರೆಸಿಕೊಂಡೆ.

ಒಂದೂವರೆ ವರ್ಷಕ್ಕೆ ನಷ್ಟ ನಿಂತಿತು. ಅಷ್ಟಕ್ಕೇ ಬಡ್ತಿ ಬರಲಿಲ್ಲ. ಸಲಹೆ ಕೊಡುವವರು ಮೊದಲೂ ಬೇಕಾದಷ್ಟಿದ್ದರು. ನಾನಿಲ್ಲದ ಕೋಣೆಯಲ್ಲಿ ನನ್ನ ಹೆಸರೆತ್ತುವವರು ಒಬ್ಬರೂ ಇರಲಿಲ್ಲ. ಇನ್ನೊಂದು ವಿಭಾಗದ ಮುಖ್ಯಸ್ಥರಿಗೆ ಪ್ರತಿ ತಿಂಗಳು ಐದೇ ಸಾಲಿನ ಲೆಕ್ಕ ಕಳಿಸತೊಡಗಿದೆ. ಬಡ್ತಿ ಸಭೆಯಲ್ಲಿ ಅವರು ಆ ಸಾಲುಗಳನ್ನೇ ಓದಿದರಂತೆ.

ಈಗ ಆ ಸಭೆಯಲ್ಲಿ ನಾನೂ ಕೂರುತ್ತೇನೆ. ಮೊನ್ನೆ ಟೀಮ್ ಮೀಟಿಂಗಲ್ಲಿ ಮಾತ್ರ ನನ್ನ ಕಣ್ಣೂ ಸುಮ್ನೆ ಹೊಸ ಹುಡುಗಿ ಕಡೆ ಹೋಯಿತು. ಅವಳು ಆಗಲೇ ಪೆನ್ ತೆಗೆದಿದ್ದಳು. ನಾಚಿಕೆಯಾಗಿ, 'ಇವತ್ತು ಸರದಿ ಯಾರದ್ದು?' ಅಂತ ಕೇಳಿದೆ.

ನನ್ನದೇ ಆಗಿತ್ತು. ಬರೆದೆ.