ಪೆಲೆಟ್ ತೂಗಿ ಸಾಕಾಗಿ ಕಲ್ಲು ಚಪ್ಪಡಿ ತಂದೆ

ನಾನು ಹತ್ತು ಮೀಟರ್ ಏರ್ ರೈಫಲ್ ಹೊಡೆಯುವವನು. ಅದರ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು ತೂಗಲು ಮೂರು ವರ್ಷದ ಹಿಂದೆ ಚಿನ್ನದಂಗಡಿಯವರು ಇಟ್ಟುಕೊಳ್ಳುವಂಥ ಚಿಕ್ಕ ತಕ್ಕಡಿ ಕೊಂಡೆ. ಎರಡೂವರೆ ಸಾವಿರವೋ ಏನೋ. ರಾತ್ರಿ ಊಟ ಆದ ಮೇಲೆ ಕೂತು 0.530 ಗ್ರಾಂ ಬಂದಿದ್ದು ಒಂದು ಡಬ್ಬಿಗೆ, 0.535 ಬಂದಿದ್ದು ಇನ್ನೊಂದಕ್ಕೆ ಹಾಕುತ್ತಿದ್ದೆ. 500 ಪೆಲೆಟ್ ಮುಗಿಸಲು ಎರಡು ರಾತ್ರಿ. "ಸೀಸ ಅಲ್ವಾ ಅದು? ಊಟದ ಟೇಬಲ್ ಮೇಲೆ ಬೇಡ" ಅಂತ ಮನೆಯಲ್ಲಿ ಬೈದರು. ಸರಿ, ಜಗಲಿಗೆ ಹೋದೆ. ಇಷ್ಟೆಲ್ಲ ಮಾಡಿ 60 ಶಾಟ್ ಹೊಡೆದರೆ ಅದೇ 612, 613 ಅಂಕ. ಹತ್ತು ಮೀಟರಿಗೆ ಐದು ಮಿಲಿಗ್ರಾಂ ಲೆಕ್ಕಕ್ಕೇ ಇಲ್ಲ.

ಆಮೇಲೆ ಬ್ರ್ಯಾಂಡ್ ಹುಚ್ಚು. ಆರ್‌ಡಬ್ಲ್ಯುಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್, ಜೆಎಸ್‌ಬಿ, ಎಲ್ಲದರಲ್ಲೂ 4.49, 4.50 ಹೆಡ್ (ಪೆಲೆಟ್ಟಿನ ತಲೆಯ ಅಗಲ, ಮಿ.ಮೀ. ಲೆಕ್ಕದಲ್ಲಿ). ಡಬ್ಬಿಗೆ ಸಾವಿರದ ಮುನ್ನೂರರ ಹತ್ತಿರ. ಹದಿನಾಲ್ಕೋ ಹದಿನೈದೋ ಡಬ್ಬಿ ತಂದಿರಬೇಕು. ಎಲ್ಲವನ್ನೂ ಭುಜಕ್ಕಿಟ್ಟು ಹೊಡೆದೇ ನೋಡಿದೆ, ಅದೇ ದಡ್ಡತನ. ಕೆಟ್ಟ ಶಾಟ್ ನನ್ನದೋ ಪೆಲೆಟ್ಟಿನದೋ ಹೇಗೆ ಗೊತ್ತಾಗಬೇಕು?

ರೈಫಲ್ಲನ್ನೇ ಕ್ಲ್ಯಾಂಪ್ ಮಾಡಿ ಹೊಡೆಯುತ್ತೇನೆ ಅಂದಾಗ ಬೆಂಗಳೂರಿನ ಹಿರಿಯರೊಬ್ಬರು ನಕ್ಕರು. "ಅದೆಲ್ಲ ಜರ್ಮನಿ ಫ್ಯಾಕ್ಟರಿಯಲ್ಲಿ ಮಾಡೋದು ಕಣಪ್ಪಾ. ತುಮಕೂರಿನ ಶೆಡ್‌ನಲ್ಲಿ ಆಗುತ್ತಾ? ಸುಮ್ನೆ ಪೆಲೆಟ್ ಇಲ್ದೆ ಡ್ರೈ ಫೈರ್ ಮಾಡ್ಕೊಂಡಿರು."

ಹಿರೇಹಳ್ಳಿಯ ಒಂದು ಲೇತ್ ಶಾಪಿನಲ್ಲಿ ಕ್ಲ್ಯಾಂಪ್ ಮಾಡಿಸಿದೆ. ಮೊದಲನೆಯದು ಬ್ಯಾರೆಲ್ ಹಿಡಿಯುವಂಥದ್ದು, ದಂಡ. ಸ್ವಲ್ಪ ಬಿಗಿ ಮಾಡಿದರೂ ಗ್ರೂಪ್, ಅಂದರೆ ಪೇಪರ್ ಮೇಲೆ ತೂತುಗಳ ಹರಡಿಕೆ, ಅಗಲವಾಗುತ್ತಿತ್ತು; ಅದು ಚಿಕ್ಕದಾದಷ್ಟೂ ಒಳ್ಳೆಯದು. ಎರಡನೆಯದು ಸ್ಟಾಕ್ (ಭುಜಕ್ಕಿಡುವ ಹಿಡಿ) ತೆಗೆದು ಆಕ್ಷನ್ (ಗುಂಡು ಹಾರಿಸುವ ಯಂತ್ರಭಾಗ) ಹಿಡಿಯುವಂಥದ್ದು. ಅದರಲ್ಲೂ ಗ್ರೂಪ್ ಒಮ್ಮೆ 6, ಒಮ್ಮೆ 9 ಮಿ.ಮೀ. ತಲೆ ಕೆಟ್ಟುಹೋಯಿತು. ಒಂದು ದಿನ ಟೇಬಲ್ ಮೇಲಿಟ್ಟ ಟೀ ಲೋಟ ನೋಡುತ್ತಾ ಕೂತಿದ್ದೆ. ಹೈವೇಯಲ್ಲಿ ಲೋಡ್ ಲಾರಿ ಹೋದಾಗಲೆಲ್ಲ ಟೀಯಲ್ಲಿ ಸಣ್ಣ ಸಣ್ಣ ಉಂಗುರ! ಕಬ್ಬಿಣದ ಟೇಬಲ್ ಎತ್ತಿಸಿ, ನೆಲದ ಮೇಲೆ ಮರಳು ಹಾಸಿ, ಇಟ್ಟಿಗೆ ಕಟ್ಟೆ ಕಟ್ಟಿ, ಅದರ ಮೇಲೆ ಅರ್ಧ ಅಡಿ ದಪ್ಪದ ಕಲ್ಲು ಚಪ್ಪಡಿ ಕೂರಿಸಿದೆ. ನಾಲ್ಕು ಜನ ಹೊತ್ತು ತಂದರು. ಕ್ಲ್ಯಾಂಪಿಗೂ ಚಪ್ಪಡಿಗೂ ನಡುವೆ ಏನು ಇಟ್ಟೆ ಅನ್ನುವುದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಟಾರ್ಗೆಟ್ ಪೇಪರ್ ಹರಿದುಹೋದರೆ ಅಳತೆ ಸಿಗಲ್ಲ. ಹಳೇ ಲಗ್ನಪತ್ರಿಕೆ ಇಟ್ಟು ನೋಡಿ, ಪಂಚ್ ಹೊಡೆದ ಹಾಗೆ ತೂತು ಬೀಳುತ್ತದೆ.

ಈಗ ಪೆಲೆಟ್ ಬದಲಿಸಿದಾಗ ಮೊದಲ ಹದಿನೈದು ಶಾಟ್ ಲೆಕ್ಕಕ್ಕಿಲ್ಲ, ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಬೇಕು. ರೈಫಲ್ಲಿನ ಗಾಳಿ ಸಿಲಿಂಡರಿನ ಒತ್ತಡ 100 ಬಾರ್‌ಗಿಂತ ಕೆಳಗಿಳಿಯಲು ಬಿಡುವುದಿಲ್ಲ. ಹತ್ತು ಶಾಟಿನ ಗ್ರೂಪ್, ಡಬ್ಬಿಗೆ ಮೂರು, ಅಂಚಿನಿಂದ ಅಂಚಿಗೆ ವರ್ನಿಯರ್ ಹಿಡಿದು ಅಳೆಯುತ್ತೇನೆ.

ಫಲಿತಾಂಶ ನೋಡಿ ನಾನೇ ಬೆಪ್ಪಾದೆ. ಒಂದೇ ಕಂಪನಿ, ಒಂದೇ 4.50 ಹೆಡ್, ಬ್ಯಾಚ್ ಮಾತ್ರ ಬೇರೆ. ಒಂದು 8.3 ಮಿ.ಮೀ., ಇನ್ನೊಂದು 6.1. ಟಾರ್ಗೆಟ್ಟಿನಲ್ಲಿ 0.1 ಅಂಕ ಅಂದರೆ ಕಾಲು ಮಿಲಿಮೀಟರ್. ಪಕ್ಕದ ಹುಡುಗನ ರೈಫಲ್ಲಿಗೆ ಮಾತ್ರ ನಾನು ಎಸೆಯಬೇಕೆಂದಿದ್ದ 8.3ರ ಡಬ್ಬಿಯೇ ಚೆನ್ನಾಗಿ ಕೂತಿತು. ಅರ್ಧ ಬೆಲೆಗೆ ಕೊಟ್ಟೆ. ಅವನು ಇನ್ನೂ ಥ್ಯಾಂಕ್ಸ್ ಹೇಳುತ್ತಾನೆ.

ನಡುವೆ ಎಣ್ಣೆ ಪ್ರಯೋಗವೂ ಆಯಿತು. ತಿಪಟೂರಿನ ಕೊಬ್ಬರಿ ಎಣ್ಣೆ ಮನೆಯಲ್ಲಿತ್ತು, ಪೆಲೆಟ್ಟಿಗೆ ತೆಳ್ಳಗೆ ಸವರಿದೆ. ಡಿಸೆಂಬರ್ ಬೆಳಗ್ಗೆ ಡಬ್ಬಿ ತೆಗೆದರೆ ಪೆಲೆಟ್‌ಗಳು ಮಂಡಕ್ಕಿ ಉಂಡೆಯ ಹಾಗೆ ಅಂಟಿಕೊಂಡಿದ್ದವು. ಬಿಡಿಸುವಾಗ ಮೂವತ್ತು ನಲವತ್ತರ ಸ್ಕರ್ಟ್ (ಪೆಲೆಟ್ಟಿನ ಹಿಂಬದಿಯ ತೆಳು ಅಂಚು) ಸೊಟ್ಟಗಾಯಿತು. ಉಳಿದವನ್ನು ತೊಳೆದೆ, ಯಾವುದರಲ್ಲಿ ಅಂತ ಹೇಳಲ್ಲ.

6.1ರ ಬ್ಯಾಚಿನಲ್ಲಿ ಸಿಕ್ಕಷ್ಟೂ ತಂದೆ, ಒಂಬತ್ತು ಡಬ್ಬಿ. ಕ್ಲ್ಯಾಂಪ್, ಚಪ್ಪಡಿ, ಹಾಳಾದ ಪೆಲೆಟ್ ಎಲ್ಲ ಸೇರಿ ಮೂವತ್ತೈದು ಸಾವಿರ ದಾಟಿರಬಹುದು. ಹೋದ ತಿಂಗಳು ಅಭ್ಯಾಸದಲ್ಲಿ 621 ಬಂತು, ಮರುವಾರ 620.

ಮೊನ್ನೆ ಬೆಂಗಳೂರಿನ ಹಿರಿಯರ ಫೋನು. ಮಳೆ, ಬೆಳೆ, ಮಕ್ಕಳ ಓದು ಎಲ್ಲ ವಿಚಾರಿಸಿದ ಮೇಲೆ ಮೆಲ್ಲಗೆ ಕೇಳಿದರು, "ಅಲ್ಲಪ್ಪಾ, ಆ ಚಪ್ಪಡಿ ಎಷ್ಟು ದಪ್ಪ ಅಂದೆ?"