ದವಡೆ ಪ್ರಿಂಟ್ ಮಾಡಿ ಪ್ಲೇಟ್ ಬಗ್ಗಿಸಿದ್ದು: ನನ್ನ ಅನುಭವ

ಹತ್ತೊಂಬತ್ತು ಸಾವಿರ ಕೊಟ್ಟು ತ್ರೀಡಿ ಪ್ರಿಂಟರ್ ತಂದಾಗ ದವಡೆ ಆಪರೇಷನ್ ಮಾಡುವ ನಮ್ಮ ವಿಭಾಗದಲ್ಲಿ ನಗದೇ ಇದ್ದವರು ಯಾರೂ ಇಲ್ಲ. "ಆಟದ ಸಾಮಾನು ತಂದಿದೀಯಲ್ಲ, ಮಗನಿಗೆ ಕೊಡು" ಅಂದರು ದೊಡ್ಡ ಸರ್. ಈಗ ನಲವತ್ತು ಚಿಲ್ಲರೆ ದವಡೆ ಆಗಿವೆ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ.

ದಾವಣಗೆರೆ ಕಡೆ ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದು ಕೆಳದವಡೆ ತೆಗೆಯುವ ಕೇಸ್‌ಗೆ ಬರ ಅನ್ನುವುದೇ ಇಲ್ಲ. ತೆಗೆದ ಜಾಗಕ್ಕೆ, ಉಳಿದ ದವಡೆ ತುಂಡುಗಳನ್ನು ಸೇರಿಸಿ ಹಿಡಿಯುವ ಟೈಟೇನಿಯಂ ಪಟ್ಟಿ, ಅಂದರೆ 2.4 ಮಿಮೀ ಸ್ಕ್ರೂವಿನ ರೀಕನ್‌ಸ್ಟ್ರಕ್ಷನ್ ಪ್ಲೇಟ್ ಕೂರಿಸುವ ಪಾಡು ಗೊತ್ತೇ ಇದೆಯಲ್ಲ. ಓಟಿಯಲ್ಲಿ (ಆಪರೇಷನ್ ಕೋಣೆಯಲ್ಲಿ) ನಿಂತು ಬಗ್ಗಿಸು, ಇಟ್ಟು ನೋಡು, ಮತ್ತೆ ತೆಗೆದು ಬಗ್ಗಿಸು. ಮುಕ್ಕಾಲು ಗಂಟೆ ಅದಕ್ಕೇ ಹೋಗುತ್ತಿತ್ತು. ಅಷ್ಟರಲ್ಲಿ ಅರಿವಳಿಕೆಯವರು ಎರಡು ಸಲ ಗಡಿಯಾರ ನೋಡಿರುತ್ತಾರೆ. ಒಂದೇ ಕಡೆ ಹಿಂದೆ ಮುಂದೆ ಬಗ್ಗಿಸಿದ ಟೈಟೇನಿಯಂ ಆರು ತಿಂಗಳಿಗೆ ಅಲ್ಲೇ ಮುರಿದು ಪೇಷಂಟ್ ವಾಪಸ್ ಬಂದದ್ದೂ ಉಂಟು.

ಹೊರಗಿನ ಲ್ಯಾಬ್‌ನಲ್ಲಿ ಕೇಳಿದೆ. ಪೇಷಂಟ್ ಸಿಟಿ ಸ್ಕ್ಯಾನ್ ನೋಡಿ ಅದೇ ಅಳತೆಯ ದವಡೆ ಮಾಡೆಲ್ ಪ್ರಿಂಟ್ ಮಾಡಿಕೊಟ್ಟರೆ, ಆಪರೇಷನ್‌ಗೆ ಮುಂಚೆಯೇ ಅದರ ಮೇಲೆ ಪ್ಲೇಟ್ ಬಗ್ಗಿಸಿ ಇಟ್ಟುಕೊಳ್ಳಬಹುದಲ್ಲ ಅಂತ. ಒಂದು ದವಡೆಗೆ ಹನ್ನೆರಡೋ ಹದಿಮೂರೋ ಸಾವಿರ, ಕೈಗೆ ಸಿಗಲು ಒಂದು ವಾರ. ನಮ್ಮ ಪೇಷಂಟ್‌ಗಳು ಬಹುಪಾಲು ಬಿಪಿಎಲ್ ಕಾರ್ಡಿನವರು, ಸರ್ಕಾರಿ ಸ್ಕೀಮಿನಲ್ಲಿ ಆಪರೇಷನ್ ಮಾಡಿಸಿಕೊಳ್ಳುವವರು. ಮಾಡೆಲ್ ಅಂತ ಬೇರೆ ಕಾಸು ಅವರು ಎಲ್ಲಿಂದ ತರಬೇಕು?

ಸಾಫ್ಟ್‌ವೇರ್ ಖರ್ಚು ಸೊನ್ನೆ. ಸ್ಕ್ಯಾನ್‌ನಿಂದ ದವಡೆ ಬಿಡಿಸಲು ತ್ರೀಡಿ ಸ್ಲೈಸರ್, ಆಕಾರ ತಿದ್ದಲು ಮೆಶ್‌ಮಿಕ್ಸರ್, ಪ್ರಿಂಟರ್‌ಗೆ ಸಿದ್ಧ ಮಾಡಲು ಕ್ಯೂರಾ, ಮೂರೂ ಬಿಟ್ಟಿ. ಪ್ರಿಂಟರ್‌ಗೆ ಹಾಕುವ ಪ್ಲಾಸ್ಟಿಕ್ ದಾರ (ಫಿಲಮೆಂಟ್) ಪಿಎಲ್‌ಎ ಒಂದು ಕೆಜಿಗೆ ಸಾವಿರದ ನೂರು ಆಸುಪಾಸು. ಪೂರ್ತಿ ಕೆಳದವಡೆಗೆ ಸಪೋರ್ಟ್ (ಪ್ರಿಂಟ್ ಆಗುವಾಗ ಕೆಳಗೆ ಕೊಡುವ ಪ್ಲಾಸ್ಟಿಕ್ ಆಸರೆ) ಸೇರಿ 80 ಗ್ರಾಂ ಹಿಡಿಯುತ್ತದೆ, ಅಂದರೆ ತೊಂಬತ್ತು ರೂಪಾಯಿ. ರಾತ್ರಿ ಊಟ ಮಾಡಿ ಹಚ್ಚಿದರೆ ಬೆಳಿಗ್ಗೆ ರೆಡಿ, ಕರೆಂಟ್ ಇದ್ದರೆ. ಮೊದಲ ತಿಂಗಳಲ್ಲಿ ಐದು ದವಡೆ ಅರ್ಧಕ್ಕೇ ನಿಂತವು. ಕೊನೆಗೆ ಮನೆಯ ಇನ್ವರ್ಟರ್ ಲೈನಿಗೆ ಪ್ರಿಂಟರ್ ಸಿಗಿಸಿದೆ. ಫ್ರಿಜ್ ಪಕ್ಕದ ಜಾಗವೂ ಅದಕ್ಕೇ ಹೋಯಿತು. ಮನೆಯವಳು ಮೂರು ದಿನ ಸರಿಯಾಗಿ ಮಾತಾಡಲಿಲ್ಲ.

ಮೊದಲ ಕೇಸ್ ಮಾನ ತೆಗೆಯಿತು. ನೋಡಲು ಮಾಡೆಲ್ ಬಲು ಚೆನ್ನಾಗಿತ್ತು, ಪ್ಲೇಟ್ ಅದರ ಮೇಲೆ ಅಂಟಿಸಿದಂತೆ ಕೂತಿತ್ತು. ಪೇಷಂಟ್ ದವಡೆ ಮೇಲೆ ಇಟ್ಟರೆ ಕುಂಟ ಮಂಚದ ಹಾಗೆ ಅಲ್ಲಾಡಿತು. ನಾಲ್ಕೈದು ಮಿಲಿಮೀಟರ್ ವ್ಯತ್ಯಾಸ. ದೊಡ್ಡ ಸರ್ ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು. ಅದೇ ಜಾಸ್ತಿ ಉರಿಯಿತು. ಎರಡು ವಾರ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಹಲ್ಲಿನ ಬೆಳ್ಳಿ ಫಿಲ್ಲಿಂಗ್ ಅಡ್ಡ ಬರಬಾರದು ಅಂತ ಸ್ಕ್ಯಾನ್ ಮಾಡುವ ಹುಡುಗ ಗ್ಯಾಂಟ್ರಿ, ಅಂದರೆ ಸಿಟಿ ಮಷೀನಿನ ದುಂಡನೆಯ ಭಾಗ, ವಾಲಿಸಿದ್ದ. ನಾನು ಆಗ ಬಳಸುತ್ತಿದ್ದ ಸಾಫ್ಟ್‌ವೇರ್ ಆ ವಾಲನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಇಡೀ ದವಡೆ ಇಸ್ಪೀಟು ಕಟ್ಟು ಸರಿದ ಹಾಗೆ ಸರಿದಿತ್ತು. ಈಗ ಚೀಟಿಯಲ್ಲೇ ಬರೆಯುತ್ತೇನೆ: ಟಿಲ್ಟ್ (ವಾಲು) ಸೊನ್ನೆ, ಸ್ಲೈಸ್ (ಸ್ಕ್ಯಾನಿನ ಒಂದೊಂದು ಪದರ) 0.625, ಜಾಸ್ತಿ ಅಂದರೆ 1 ಮಿಮೀ.

ಇನ್ನೊಂದು ಪೇಚಾಟ ಸಿಡಿಯದ್ದು. ಪೇಷಂಟ್ ಕೈಗೆ ಕೊಡುವ ಸಿಡಿಯಲ್ಲಿ ಎಷ್ಟೋ ಸಲ 5 ಮಿಮೀ ಸ್ಲೈಸ್ ಮಾತ್ರ ಇರುತ್ತದೆ. ಅದರಲ್ಲಿ ಪ್ರಿಂಟ್ ತೆಗೆದರೆ ದವಡೆ ಬರುವುದಿಲ್ಲ, ದೇವಸ್ಥಾನದ ಮೆಟ್ಟಿಲು ಬರುತ್ತದೆ. ತೆಳು ಸ್ಲೈಸ್ ಮಷೀನಿನಲ್ಲಿ ಕೆಲವೇ ದಿನ ಉಳಿದಿರುತ್ತದೆ, ಆಮೇಲೆ ಅಳಿಸಿಬಿಡುತ್ತಾರೆ. ಸ್ಕ್ಯಾನ್ ಆದ ದಿನವೇ ಪೆನ್‌ಡ್ರೈವ್ ಹಿಡಿದು ನಾನೇ ಹೋಗುತ್ತೇನೆ. ಒಂದು ಟೀ ಕುಡಿಸಿದರೆ ಕೆಲಸ ಆಗುತ್ತದೆ.

ಸ್ಕ್ಯಾನಿನಲ್ಲಿ ಎಷ್ಟು ಗಟ್ಟಿ ಇದ್ದರೆ ಮೂಳೆ ಅಂತ ಲೆಕ್ಕ ಹಿಡಿಯಬೇಕು ಅನ್ನುವ ನಂಬರ್ ಥ್ರೆಶೋಲ್ಡ್. ಅದನ್ನು ಎಲ್ಲರೂ ಹೇಳುವ 226ರಿಂದಲೇ ನಾನೂ ಶುರು ಮಾಡಿದ್ದು. ಅಲ್ಲಿ ಕಾಂಡೈಲ್ (ಕಿವಿ ಹತ್ತಿರದ ದವಡೆ ಕೀಲಿನ ತುದಿ) ತೂತು ತೂತಾಗುತ್ತದೆ. ಕೆಳಗಿಳಿಸಿದರೆ ಮೇಲ್ದವಡೆಯ ಹಲ್ಲಿಗೂ ತಲೆಬುರುಡೆಗೂ ಅಂಟಿಕೊಳ್ಳುತ್ತದೆ. ಕಾಂಡೈಲ್‌ಗೆ ಬೇರೆ ನಂಬರ್ ಇಟ್ಟು ಆಮೇಲೆ ಜೋಡಿಸುತ್ತೇನೆ. ಆ ನಂಬರ್ ಕೇಳಬೇಡಿ, ಎಂಟು ತಿಂಗಳು ತಗೊಂಡಿದೆ. ಸ್ಕ್ಯಾನ್ ಮಾಡುವಾಗ ಹಲ್ಲುಗಳ ನಡುವೆ ಹತ್ತಿ ಉಂಡೆ ಕಚ್ಚಿಸಿ ಅಂತ ಮಾತ್ರ ಹೇಳಿಬಿಡುತ್ತೇನೆ. ಅರ್ಧ ತಲೆನೋವು ಅಲ್ಲೇ ಹೋಗುತ್ತದೆ.

ಎಲ್ಲರ ಬಾಯಿ ಮುಚ್ಚಿಸಿದ್ದು ಒಂದು ಅಮೆಲೋಬ್ಲಾಸ್ಟೋಮಾ, ದವಡೆಯೊಳಗೆ ಬೆಳೆಯುವ ಗಡ್ಡೆ. ಎಡಗಡೆ ದವಡೆ ಉಬ್ಬಿ ನಿಂಬೆಹಣ್ಣಿನಷ್ಟಾಗಿತ್ತು. ಆ ಉಬ್ಬಿನ ಮೇಲೆ ಪ್ಲೇಟ್ ಬಗ್ಗಿಸಿದರೆ ಮುಖವೂ ಹಾಗೇ ಉಳಿಯುತ್ತದೆ. ಅದಕ್ಕೆ ಕಂಪ್ಯೂಟರ್‌ನಲ್ಲಿ ಬಲಗಡೆಯದರ ಕನ್ನಡಿ ಬಿಂಬ ಮಾಡಿ ಎಡಕ್ಕೆ ಜೋಡಿಸಿ ಪ್ರಿಂಟ್ ತೆಗೆದೆ. ಮಿರರ್ ಮಾಡಿದಾಗ ಎಡ ಬಲ ಅದಲು ಬದಲಾಗುವ ಭಯ ಇದ್ದೇ ಇದೆ, ಅದಕ್ಕೆ ಮಾಡೆಲ್ ಮೇಲೇ 'ಎ', 'ಬ' ಅಂತ ಉಬ್ಬಕ್ಷರ ಹಾಕುತ್ತೇನೆ. ಬೆಳಿಗ್ಗೆ ವರ್ನಿಯರ್ ಹಿಡಿದು ಅಳೆದೆ, ಅರ್ಧ ಮಿಲಿಮೀಟರ್ ಒಳಗೇ ಇತ್ತು. ಅಡುಗೆಮನೆ ಕಟ್ಟೆ ಮೇಲೆ ಕೂತು ನಿಧಾನವಾಗಿ ಪ್ಲೇಟ್ ಬಗ್ಗಿಸಿದೆ, ಅದನ್ನು ಆಟೋಕ್ಲೇವ್‌ಗೆ (ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಮಷೀನಿಗೆ) ಕಳಿಸಿದೆ. ಪಿಎಲ್‌ಎ ಮಾಡೆಲ್ 60 ಡಿಗ್ರಿಗೇ ಮೆತ್ತಗಾಗುತ್ತದೆ, ಅದನ್ನು ಆಟೋಕ್ಲೇವ್‌ನ 121 ಡಿಗ್ರಿಯಲ್ಲಿ ಇಡಲು ಹೋಗಬೇಡಿ. ಅದು ಟೇಬಲ್‌ನಿಂದ ದೂರ, ಟ್ರಾಲಿ ಮೇಲೆ ನೋಡುವುದಕ್ಕೆ ಮಾತ್ರ.

ದವಡೆ ಸರಿಯದ ಹಾಗೆ ಮೇಲಿನ ಕೆಳಗಿನ ಹಲ್ಲು ಸೇರಿಸಿ ಕಟ್ಟಿ, ಗಡ್ಡೆ ತೆಗೆದು ಪ್ಲೇಟ್ ಇಟ್ಟೆ. ಟಕ್ ಅಂತ ಕೂತಿತು. ಇಡಲು ಒಂದು, ಸ್ಕ್ರೂ ಹಾಕಲು ಏಳೆಂಟು ನಿಮಿಷ. "ಇನ್ನೊಂದ್ಸಲ ಬಗ್ಗಿಸೋದಿಲ್ವಾ ಸರ್?" ಅಂತ ಸಿಸ್ಟರ್ ಬೆಂಡರ್ ಹಿಡಿದೇ ನಿಂತಿದ್ದರು. ಹಲ್ಲಿಲ್ಲದ ಹಿಂದಿನ ತುಂಡು ಜಾಗ ಬಿಟ್ಟು ಸರಿಯದ ಹಾಗೆ ಹಿಡಿಯುವುದಕ್ಕೆ ನಾನೊಂದು ಪಟ್ಟಿಯಂಥ ಸಾಧನ ಮಾಡಿಕೊಂಡಿದ್ದೇನೆ. ಅದನ್ನು ಓಟಿಗೆ ಬಂದವರಿಗೆ ತೋರಿಸುತ್ತೇನೆ, ಇಲ್ಲಿ ಬರೆಯುವುದಿಲ್ಲ.

ಏಪ್ರಿಲ್‌ನಲ್ಲಿ ಒಂದು ಮಾಡೆಲ್ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟು ಮದುವೆ ಊಟಕ್ಕೆ ಹೋಗಿದ್ದೆ. ವಾಪಸ್ ಬರುವಷ್ಟರಲ್ಲಿ ದವಡೆ ಬಾಯಿ ಅಗಲ ಮಾಡಿಕೊಂಡು ಮಲಗಿತ್ತು. ಮಳೆಗಾಲದಲ್ಲಿ ಫಿಲಮೆಂಟ್ ನೀರು ಹೀರಿ ಚಟಚಟ ಅನ್ನುತ್ತದೆ, ಜೇಡರ ಬಲೆ ಕಟ್ಟುತ್ತದೆ. ಅಮ್ಮನ ಚಕ್ಕುಲಿ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ತುಂಬಿ ಇಡುತ್ತೇನೆ. ಡಬ್ಬಿ ಹೋಯಿತು ಅಂತ ಅಮ್ಮನಿಗೂ ಸಿಟ್ಟು.

ಪಿಜಿ ಹುಡುಗರಿಗೆ ಡ್ರಿಲ್ಲಿಂಗ್ ಕಲಿಸೋಣ ಅಂತ ದಪ್ಪ ಗೋಡೆಯ ದವಡೆಗಳನ್ನೂ ಪ್ರಿಂಟ್ ಮಾಡಿದೆ. ಪ್ಲಾಸ್ಟಿಕ್ ಕರಗಿ ಡ್ರಿಲ್ ಬಿಟ್‌ಗೆ ಸುತ್ತಿಕೊಂಡಿತು, ಸೇಲೈನ್ ಬಿಟ್ಟರೆ ಪರವಾಗಿಲ್ಲ. ಮೂಳೆಯ ಅನುಭವ ಮಾತ್ರ ಬರುವುದಿಲ್ಲ.

ಕಣ್ಣಿನ ಗೂಡು ಇನ್ನೂ ಕೈಗೆ ಹತ್ತಿಲ್ಲ. ಅದರ ತಳದ ಮೂಳೆ ಕಾಗದದಷ್ಟು ತೆಳು, ಥ್ರೆಶೋಲ್ಡ್‌ನಲ್ಲಿ ಮಾಯವಾಗಿ ಬರೀ ತೂತು ಉಳಿಯುತ್ತದೆ. ಕೈಯಲ್ಲಿ ಒಂದೊಂದೇ ಸ್ಲೈಸ್‌ನಲ್ಲಿ ಗೆರೆ ಎಳೆದು ತುಂಬಿದರೆ ಎರಡು ರಾತ್ರಿ ಬೇಕು. ಕಳೆದ ಭಾನುವಾರ ನಾಲ್ಕನೆಯದನ್ನು ಹಚ್ಚಿದೆ, ಅದೂ ಸಪೋರ್ಟ್ ಕೀಳುವಾಗ ಚೂರಾಯಿತು.