ಹಳೆಯ ಪೈನ್ ಬೋನ್ಸಾಯ್‌ಗೆ ಹೊಸ ಕುಂಡ, ಹೊಸ ರೂಪ: ಎರಡು ಚಳಿಗಾಲದ ಕೆಲಸ

ನೀರು ಹಾಕಿದರೆ ಕುಂಡದ ಮೇಲೆಯೇ ನಿಲ್ಲುತ್ತದೆ. ಕೊಂಬೆಗಳು ಉದ್ದಕ್ಕೆ ಬೆಳೆದು, ತುದಿಯಲ್ಲಷ್ಟೇ ಸೂಜಿ ಎಲೆಗಳ ಗೊಂಚಲು ಉಳಿದಿರುತ್ತದೆ. ಕಾಂಡ ಮಾತ್ರ ತೊಗಟೆ ಬಿರಿದು, ವಯಸ್ಸಾದ ಮರದ ಅಂದ ತುಂಬಿಕೊಂಡು ನಿಂತಿರುತ್ತದೆ. ಮಾಳಿಗೆಯ ಮೂಲೆ ಸೇರಿದ ಇಂಥ ಪೈನ್ ಬೋನ್ಸಾಯ್ ನಿಮ್ಮಲ್ಲೂ ಇದ್ದರೆ ಬಿಟ್ಟುಬಿಡಬೇಡಿ. ಅದನ್ನು ಮತ್ತೆ ಚೆಂದ ಮಾಡಬಹುದು. ಆದರೆ ಒಂದೇ ಸಲಕ್ಕೆ ಅಲ್ಲ.

ಇದನ್ನು ನಾನು ಕಲಿತದ್ದು ಒಂದು ಮರ ಕಳೆದುಕೊಂಡು. ಬೆಳಗಾವಿಯ ಟಿಳಕವಾಡಿಯಲ್ಲಿ ನಮ್ಮ ಮನೆ. ಒಂದು ರವಿವಾರ ಬೆಳಿಗ್ಗೆ ಕೂತು ಕೊಂಬೆ ಕತ್ತರಿಸಿ, ಉಳಿದವನ್ನು ಬೇಕಾದ ಹಾಗೆ ಬಾಗಿಸಿ ನಿಲ್ಲಿಸಲು ತಂತಿ ಸುತ್ತಿದೆ. ಸಂಜೆಯೊಳಗೆ ಬೇರನ್ನೂ ಕತ್ತರಿಸಿ ಹೊಸ ಕುಂಡದಲ್ಲಿ ಕೂರಿಸಿದೆ. ಮೂರು ತಿಂಗಳು ಎಲೆ ಹಸಿರಾಗಿಯೇ ಇತ್ತು. ಮೇ ತಿಂಗಳಲ್ಲಿ ಒಂದೇ ವಾರಕ್ಕೆ ಇಡೀ ಮರ ಕಂದಿಹೋಯಿತು. ಪೈನ್ ಹಾಗೆಯೇ. ಒಳಗೆ ಜೀವ ಹೋಗಿ ಎಷ್ಟೋ ವಾರ ಆದ ಮೇಲೆ ಹೊರಗೆ ಗೊತ್ತಾಗುತ್ತದೆ. ಬೇರು ಕತ್ತರಿಸಿದರೆ ಮರ ನೀರು ಎಳೆಯುವುದು ಕಡಿಮೆ. ಎಲೆ ಕತ್ತರಿಸಿದರೆ ಆಹಾರ ಮಾಡಿಕೊಳ್ಳುವುದು ಕಡಿಮೆ. ಎರಡನ್ನೂ ಒಟ್ಟಿಗೆ ಕಿತ್ತುಕೊಂಡರೆ ಅದು ಯಾವುದರ ಬಲದಿಂದ ಚೇತರಿಸಿಕೊಳ್ಳಬೇಕು? ಹಾಗಾಗಿ ಒಂದು ಚಳಿಗಾಲ ಬೇರಿಗೆ, ಮುಂದಿನ ಚಳಿಗಾಲ ಕೊಂಬೆಗೆ. ಹಿರೋಶಿಮಾದ ಬಾಂಬ್ ದಾಳಿಯಲ್ಲೂ ಉಳಿದು, 1976ರಲ್ಲಿ ಅಮೆರಿಕಕ್ಕೆ ಉಡುಗೊರೆಯಾಗಿ ಹೋದ ಒಂದು ಬಿಳಿ ಪೈನ್ ಬೋನ್ಸಾಯ್ ಇದೆ. 1625ರಿಂದ ಕುಂಡದಲ್ಲಿ ಬೆಳೆಯುತ್ತಿರುವ ಮರ ಅದು. ಅದನ್ನು ನೆನೆಸಿಕೊಂಡರೆ ಒಂದು ವರ್ಷ ಕಾಯುವುದು ಕಷ್ಟ ಅನ್ನಿಸುವುದಿಲ್ಲ.

ನಿಮ್ಮದು ಯಾವ ಪೈನ್?

ಒಂದೇ ಬುಡದಿಂದ ಹೊರಟ ಸೂಜಿ ಎಲೆಗಳ ಒಂದು ಪುಟ್ಟ ಗೊಂಚಲು ಕಿತ್ತು ಎಣಿಸಿ. ಮೂರು ಸೂಜಿ ಎಲೆ ಇದ್ದು, ಅವು ಉದ್ದವಾಗಿದ್ದರೆ ಅದು ಹೆಚ್ಚಾಗಿ ಹಿಮಾಲಯದ ತಪ್ಪಲಿನ ಚೀರ್ ಪೈನ್. ಜಪಾನಿನ ಕಪ್ಪು ಪೈನ್‌ಗೆ ಎರಡೇ ಎಲೆ, ಅದಕ್ಕೆ ನಮ್ಮಲ್ಲಿ ಸಿಗುವುದಕ್ಕಿಂತ ಜಾಸ್ತಿ ಚಳಿ ಬೇಕು. ಚೀರ್ ನಮ್ಮ ಹವೆಗೆ ಒಗ್ಗುತ್ತದೆ. ಬೆಳಗಾವಿ ಸುಮಾರು 750 ಮೀಟರ್ ಎತ್ತರದಲ್ಲಿ ಇರುವುದರಿಂದ ನಮಗೆ ಅನುಕೂಲ. ವಿಜಯಪುರ, ಬಾಗಲಕೋಟೆಯವರು ಮಾರ್ಚ್‌ನಿಂದಲೇ ಮಧ್ಯಾಹ್ನಕ್ಕೆ ನೆರಳು ಪರದೆ ಕಟ್ಟಬೇಕು. ಬೋರ್ ನೀರು ಗಡಸಾಗಿದ್ದು ಕುಂಡದ ಅಂಚಿಗೆ ಬಿಳಿ ಪಟ್ಟೆ ಕಟ್ಟುತ್ತಿದ್ದರೆ, ಆದಷ್ಟು ಮಳೆನೀರು ಹಿಡಿದಿಟ್ಟು ಹಾಕಿ.

ಮೊದಲ ಚಳಿಗಾಲ: ಬೇರು

ಸಂಕ್ರಾಂತಿ ಮುಗಿದ ಮೇಲೆ, ಕುಡಿಗಳು ಮೇಣದಬತ್ತಿಯ ಹಾಗೆ ಉದ್ದ ಏಳುವ ಮುಂಚೆ ಈ ಕೆಲಸ ಆಗಬೇಕು.

ಮೊದಲು ಮಣ್ಣು. ನಿಜ ಹೇಳಬೇಕೆಂದರೆ ಮಣ್ಣೇ ಬೇಡ. ಎರೆಮಣ್ಣಂತೂ ಬೇಡವೇ ಬೇಡ, ಅದು ನೀರು ಹಿಡಿದುಕೊಂಡು ಬೇರು ಕೊಳೆಸುತ್ತದೆ. ನಾನು ಬಳಸುವುದು ಎರಡು ಪಾಲು ಇಟ್ಟಿಗೆ ಚೂರು, ಒಂದು ಪಾಲು ದಪ್ಪ ಮರಳು, ಅರ್ಧ ಪಾಲು ಚೆನ್ನಾಗಿ ಕಳಿತ ಎಲೆಗೊಬ್ಬರ. ಚೂರು ಜೋಳದ ಕಾಳಿಗಿಂತ ಸಣ್ಣದಿರಬಾರದು, ಕಡಲೆಕಾಳಿಗಿಂತ ದೊಡ್ಡದಿರಬಾರದು. ಸಾಣಿಗೆ ಹಿಡಿದು ಪುಡಿಯನ್ನೆಲ್ಲ ತೆಗೆಯಿರಿ. ಇಟ್ಟಿಗೆ ಚೆನ್ನಾಗಿ ಸುಟ್ಟಿರಬೇಕು. ಒಂದು ಚೂರನ್ನು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿ. ಉಗುರು ಇಳಿದರೆ ಆ ಇಟ್ಟಿಗೆ ಒಂದು ಮಳೆಗಾಲದಲ್ಲಿ ಕೆಸರಾಗುತ್ತದೆ. ಖಾನಾಪುರ ಕಡೆಯ ಒಡೆದ ಹಂಚು ಸಿಕ್ಕರೆ ಇನ್ನೂ ಒಳ್ಳೆಯದು.

ಕುಂಡ ಬದಲಿಸುವ ಹಿಂದಿನ ದಿನ ನೀರು ಹಾಕಬೇಡಿ. ಹಳೆಯ ಗರಗಸದ ಅಲಗನ್ನು ಕುಂಡದ ಒಳ ಅಂಚಿನಲ್ಲಿ ಸುತ್ತಲೂ ಆಡಿಸಿ, ಕಾಂಡದ ಬುಡ ಹಿಡಿದು ಮರ ಎತ್ತಿ. ಬೇರು ಕುಂಡದ ಆಕಾರದಲ್ಲೇ ಗಟ್ಟಿ ಚಾಪೆಯ ಹಾಗೆ ಬರುತ್ತದೆ. ಬಿದಿರಿನ ಕಡ್ಡಿಯಿಂದ ಬುಡದ ಕಡೆಯಿಂದ ಹೊರಕ್ಕೆ, ಸಿಕ್ಕುಗಟ್ಟಿದ ಕೂದಲು ಬಾಚುವ ಹಾಗೆ ಬಿಡಿಸುತ್ತ ಹೋಗಿ. ನಡುವೆ ಹತ್ತಿಯ ಎಳೆಯಂಥ ಬಿಳಿ ಪದರ ಕಾಣುತ್ತದೆ. ಮೂಗಿನ ಹತ್ತಿರ ಹಿಡಿದರೆ ಮಳೆಗಾಲದ ಅಣಬೆಯ ವಾಸನೆ. ರೋಗ ಅಂತ ತಿಳಿದು ತೊಳೆದುಬಿಡಬೇಡಿ! ಪೈನ್ ಬೇರಿಗೆ ನೀರು, ಸತ್ವ ಒದಗಿಸುವ ಶಿಲೀಂಧ್ರ ಅದು. ಅದಕ್ಕೇ ಹಳೆಯ ಪೈನ್‌ನ ಬೇರನ್ನು ಯಾವತ್ತೂ ಪೂರ್ತಿ ಬರಿದು ಮಾಡಬಾರದು. ಒಂದು ಬದಿಯ ಹಳೆಯ ಮಣ್ಣು ಮಾತ್ರ ಬಿಡಿಸಿ. ಇನ್ನೊಂದು ಬದಿ ಮುಂದಿನ ಸಲಕ್ಕೆ ಇರಲಿ. ಕತ್ತರಿಸುವುದು ಬೇರಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಬೇಡ. ಕೆಳಕ್ಕೆ ಇಳಿದ ದಪ್ಪ ಬೇರು ಮೊದಲು, ಬುಡದ ಹತ್ತಿರದ ಸಣ್ಣ ಬೇರು ಆದಷ್ಟು ಉಳಿಯಲಿ. ಉದುರಿದ ಹಳೆಯ ಮಣ್ಣಿನಲ್ಲಿ ಒಂದು ಹಿಡಿಯನ್ನು ಹೊಸದಕ್ಕೆ ಬೆರೆಸಿ.

ಕುಂಡದ ತೂತಿಗೆ ಜಾಲರಿ ಹಾಕಿ, ನಡುವೆ ಮಿಶ್ರಣದ ದಿಬ್ಬ ಮಾಡಿ, ಅದರ ಮೇಲೆ ಮರವನ್ನು ತುಸು ತಿರುಗಿಸುತ್ತ ಕೂರಿಸಿ. ತಂತಿಯಿಂದ ಬೇರನ್ನು ಕುಂಡಕ್ಕೆ ಕಟ್ಟಲೇಬೇಕು. ಗಾಳಿಗೆ ಮರ ಅಲ್ಲಾಡಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಕಡ್ಡಿಯಿಂದ ಚುಚ್ಚಿ ಚುಚ್ಚಿ ಸಂದುಗಳಿಗೆ ಚೂರು ಇಳಿಸಿ. ಕೆಳಗಿನಿಂದ ತಿಳಿನೀರು ಬರುವವರೆಗೆ ನೀರು ಹಾಕಿ.

ಮೂರು ವಾರ ನೆರಳು, ಗಾಳಿ ತಾಗದ ಜಾಗ. ಒಂದೂವರೆ ತಿಂಗಳು ಗೊಬ್ಬರ ಇಲ್ಲ. ಆಮೇಲೆ ಪೂರ್ತಿ ಬಿಸಿಲಿಗೆ ಇಡಿ. ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ, ಜುಲೈನಲ್ಲಿ ವಾರಗಟ್ಟಲೆ ಬಿಡುವುದಿಲ್ಲ. ಆಗ ಕುಂಡದ ಒಂದು ಬದಿಗೆ ಮರದ ತುಂಡು ಕೊಟ್ಟು ಓರೆ ಮಾಡಿ ಇಡಿ, ನೀರು ಬೇಗ ಇಳಿಯುತ್ತದೆ. ದಸರಾ ಹೊತ್ತಿಗೆ ಸ್ವಲ್ಪ ಶೇಂಗಾ ಹಿಂಡಿ ಕೊಡಿ.

ಎರಡನೆಯ ಚಳಿಗಾಲ: ಕೊಂಬೆ

ಬೇಸಿಗೆಯಲ್ಲಿ ಕುಡಿಗಳು ಗಟ್ಟಿಯಾಗಿ ಬಂದಿದ್ದರೆ ಮಾತ್ರ ಮುಂದಕ್ಕೆ ಹೋಗಿ. ಸೊರಗಿದ್ದರೆ ಇನ್ನೊಂದು ವರ್ಷ ಬಿಡಿ.

ಡಿಸೆಂಬರ್‌ನಲ್ಲಿ ಮರವನ್ನು ಕಣ್ಣಿನ ಮಟ್ಟಕ್ಕೆ ಇಟ್ಟು, ಒಂದು ವಾರ ಸುಮ್ನೆ ನೋಡಿ. ಕತ್ತರಿ ಮುಟ್ಟಬೇಡಿ. ಬೇರು ಹರಡಿದ ಬುಡ ಯಾವ ಕಡೆಯಿಂದ ಅಗಲವಾಗಿ ಕಾಣುತ್ತದೋ ಅದು ಮುಂಭಾಗ. ಕಳೆದ ವರ್ಷದ ಕೆಳಗಿನ ಹಳೆಯ ಎಲೆಗಳನ್ನು ಕಿತ್ತು ಒಳಗೆ ಬೆಳಕು ಬಿಡಿ. ಆಮೇಲೆ ಬೇಡದ ಕೊಂಬೆ. ನಮ್ಮ ಕಡೆ ದ್ರಾಕ್ಷಿ ಬೆಳೆಗಾರರು ಚಾಟ್ನಿ, ಅಂದರೆ ಬಳ್ಳಿಯ ಕೊಂಬೆ ಸವರುವ ಕೆಲಸ, ಮಾಡುವಾಗ ಗಿಡವನ್ನು ಬೋಳು ಮಾಡಿದರೂ ಬಳ್ಳಿ ಮತ್ತೆ ಒಡೆಯುತ್ತದೆ. ಪೈನ್ ಜೊತೆ ಆ ಧೈರ್ಯ ಬೇಡ. ಹಸಿರು ಒಂದೂ ಉಳಿಯದ ಹಳೆಯ ಕೊಂಬೆ ಹೆಚ್ಚಾಗಿ ಒಣಗಿಯೇ ಹೋಗುತ್ತದೆ. ಒಟ್ಟು ಹಸಿರಿನ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ತೆಗೆಯಬೇಡಿ. ಕತ್ತರಿಸುವಾಗ ಎರಡು ಸೆಂಟಿಮೀಟರ್ ಮೋಟು ಬಿಡಿ. ತೊಗಟೆ ಸುಲಿದರೆ ಒಣಕೊಂಬೆಯ ಅಲಂಕಾರವಾಗಿ ಅದೇ ಉಳಿಯುತ್ತದೆ, ಜಪಾನಿಗಳು ಅದಕ್ಕೆ ಜಿನ್ ಅನ್ನುತ್ತಾರೆ. ಕೈಗೆ ಮೆತ್ತಿದ ಅಂಟು ಸೋಪಿಗೆ ಹೋಗುವುದಿಲ್ಲ, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ.

ತಂತಿಗೆ ಹೊಸಬರು ಅಲ್ಯುಮಿನಿಯಂ ತೆಗೆದುಕೊಳ್ಳಿ. ಕೊಂಬೆಯ ದಪ್ಪದ ಮೂರನೇ ಒಂದರಷ್ಟು ದಪ್ಪ ಸಾಕು. 45 ಡಿಗ್ರಿ ಓರೆಯಲ್ಲಿ ಸುತ್ತಿ. ಒಂದೇ ತಂತಿಯ ಎರಡು ತುದಿ ಎರಡು ಕೊಂಬೆಗೆ ಹೋದರೆ ಹಿಡಿತ ಚೆನ್ನಾಗಿರುತ್ತದೆ. ದಪ್ಪ ಕೊಂಬೆಗೆ ಮೊದಲು ನೆನೆಸಿದ ಸೆಣಬಿನ ನಾರು ಬಿಗಿಯಾಗಿ ಸುತ್ತಬೇಕು. ಬಾಗಿಸುವಾಗ ಎರಡೂ ಹೆಬ್ಬೆರಳು ಬಾಗುವ ಜಾಗದ ಒಳಗಡೆ ಇರಲಿ, ಕಿವಿ ಹತ್ತಿರ ಇರಲಿ. ಸಣ್ಣಗೆ ಕಿರ್ ಅಂದ ಕೂಡಲೇ ನಿಲ್ಲಿಸಿ. ಉಳಿದ ಬಾಗು ಹದಿನೈದು ದಿನ ಬಿಟ್ಟು. ಹಳೆಯ ಪೈನ್‌ನ ಕೊಂಬೆ ಭಾರಕ್ಕೆ ಕೆಳಗೆ ಇಳಿದು, ತುದಿಯಲ್ಲಷ್ಟೇ ಮೇಲೆ ನೋಡುವ ಹಾಗಿದ್ದರೆ ನೋಡಲು ಚೆಂದ.

ಮುಂದಿನ ಗಣಪತಿ ಹಬ್ಬದ ಹೊತ್ತಿಗೆ ತಂತಿ ತೊಗಟೆಗೆ ಕಚ್ಚಲು ಶುರುವಾಗಿರುತ್ತದೆ. ಬಿಚ್ಚಲು ಹೋಗಬೇಡಿ, ಎಳೆ ಕುಡಿ ಮುರಿಯುತ್ತವೆ. ಸುತ್ತು ಸುತ್ತಿಗೂ ಕಟರ್‌ನಿಂದ ತುಂಡು ಮಾಡಿ ಉದುರಿಸಿ. ಕೊಂಬೆ ಹಿಂದಕ್ಕೆ ಎದ್ದರೆ ಚಳಿಗಾಲದಲ್ಲಿ ಮತ್ತೊಮ್ಮೆ ಸುತ್ತಿ. ಕುಂಡದ ಇನ್ನೊಂದು ಬದಿಯ ಹಳೆಯ ಮಣ್ಣಿಗೆ ಕೈ ಹಾಕಲು ಅದಾದ ಮೇಲೂ ಒಂದು ವರ್ಷ ಬಿಡಿ.